ಫೋಟೋ ಇಲ್ಲದ ಪ್ರಾಂಪ್ಟರಣ್ಣ

ಮೊನ್ನೆ ನನ್ನ ಅಂಗಡಿಗೆ ಒಬ್ಬರು ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದಿದ್ದರು. ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು. ಕೌಂಟರಿನ ಮೇಲೆ ಬಾಗಿ, ‘ಎರಡು ಕಾಪಿ, ಎರಡೂ ಬದಿ’ ಎಂದು ಮೆಲ್ಲಗೆ ಹೇಳಿದರು. ಆ ಪರಿಮಳ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಮೆಷಿನ್ನಿನ ಮೇಲೆ ಹಾಗೆಯೇ ನಿಂತುಬಿಟ್ಟಿತು. ‘ಎಂತ ಅಕ್ಕ, ಕರೆಂಟ್ ಹೋಯ್ತಾ?’ ಎಂದು ಅವರು ಕೇಳಿದರು. ಕರೆಂಟ್ ಇತ್ತು. ಹೋದದ್ದು ನಾನು, ಕೆಲವು ವರ್ಷ ಹಿಂದಕ್ಕೆ...

ಲವಂಗದ ಪರಿಮಳ ಎಂದರೆ ನನಗೆ ನಮ್ಮ ಮನೆಯ ಹಿಂಬದಿಯ ಮನೆಯಲ್ಲಿ ಬಾಡಿಗೆಗಿದ್ದವರು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಊರಿಗೆಲ್ಲ ಅವರು ಪ್ರಾಂಪ್ಟರಣ್ಣ. ಹಗಲು ಪುತ್ತೂರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದರು. ಸಂಜೆಯಾದರೆ ನಾಟಕ. ಮಗಳೊಬ್ಬಳು ಮದುವೆಯಾಗಿ ದೂರದಲ್ಲಿದ್ದಳು, ಹೆಂಡತಿ ಇರಲಿಲ್ಲ. ಮನೆಯಲ್ಲಿ ಒಂದು ಮಂಚ, ಒಂದು ಸ್ಟವ್, ಉಳಿದ ಜಾಗಕ್ಕೆಲ್ಲ ನಾಟಕದ ಪುಸ್ತಕಗಳು.

ನಮ್ಮ ಕಡೆಯ ತುಳು ನಾಟಕದವರನ್ನು ನೀವು ನೋಡಬೇಕು. ಹಗಲು ರಿಕ್ಷಾ ಓಡಿಸುವವರು, ಬೇಕರಿಯಲ್ಲಿ ಬ್ರೆಡ್ ಬೇಯಿಸುವವರು, ಪಂಚಾಯತಿನಲ್ಲಿ ನೀರು ಬಿಡುವವರು. ಅವರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ ಪ್ರಾಂಪ್ಟರಣ್ಣ. ಪರದೆಯ ಮರೆಯಲ್ಲಿ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೆರಳುದ್ದದ ಟಾರ್ಚು, ಕೆಮ್ಮು ಬಾರದಿರಲಿ ಎಂದು ದವಡೆಯಲ್ಲಿ ಲವಂಗ. ನಟನಿಗಿಂತ ಅರ್ಧ ಉಸಿರು ಮೊದಲು ಮಾತು ಹೇಳುತ್ತಿದ್ದರು. ಮೊದಲ ಸಾಲಿನಲ್ಲಿ ಕೂತವರಿಗೂ ಅದು ಕೇಳಿಸುತ್ತಿರಲಿಲ್ಲ.

ನಾನೂ ಒಂದು ಸಲ ಸ್ಟೇಜ್ ಹತ್ತಿದ್ದೆ. ನಾಯಕಿಯ ಗೆಳತಿಯ ಪಾರ್ಟು, ಒಟ್ಟು ಎರಡೇ ಮಾತು. ಎದುರಿನ ಜನ ನೋಡಿ ಎರಡೂ ಮರೆತುಹೋಯಿತು. ಮರೆಯಿಂದ ಪ್ರಾಂಪ್ಟರಣ್ಣ, ‘ಹೆದರ್ಬೇಡ, ಎಲ್ಲ ನಮ್ಮವರೇ’ ಎಂದು ಪಿಸುಗುಟ್ಟಿದರು. ನಾನು ದಡ್ಡಿ, ಅದೂ ನಾಟಕದ ಮಾತೇ ಅಂದುಕೊಂಡು ನಾಯಕಿಯ ಹೆಗಲ ಮೇಲೆ ಕೈಯಿಟ್ಟು, ‘ಹೆದರ್ಬೇಡ, ಎಲ್ಲ ನಮ್ಮವರೇ!’ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು! ಮರುದಿನ ಬೈಯುತ್ತಾರೆ ಎಂದು ನಾನು ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದರೆ, ಅವರೇ ಬೇಲಿಯ ಹತ್ತಿರ ಬಂದು, ‘ಆ ಮಾತು ಪುಸ್ತಕಕ್ಕೆ ಸೇರಿಸಿದ್ದೇನೆ ಮಾರಾಯ್ತಿ, ಲಾಯ್ಕ ಉಂಟು’ ಎಂದು ನಕ್ಕರು.

ಆಮೇಲೆ ಆ ಹಾಳು ರೋಗ ಬಂತು. ಮಂದಿರಗಳ ವಾರ್ಷಿಕೋತ್ಸವ ನಿಂತಿತು, ಸಂಘಗಳ ನಾಟಕ ನಿಂತಿತು, ನೋಟೀಸು ಅಚ್ಚು ಹಾಕಿಸುವವರಿಲ್ಲದೆ ಮುದ್ರಣಾಲಯದ ಬಾಗಿಲೂ ಬಿತ್ತು. ಬಿದ್ದ ಬಾಗಿಲು ಮತ್ತೆ ತೆರೆಯಲಿಲ್ಲ. ಪ್ರಾಂಪ್ಟರಣ್ಣ ಯಾರ ಹತ್ತಿರವೂ ಏನೂ ಕೇಳುವವರಲ್ಲ. ಅಮ್ಮ ಗಂಜಿ, ಪಲ್ಯ ಕಳಿಸಿದರೆ ಪಾತ್ರೆಯನ್ನು ಫಳಫಳ ತೊಳೆದು, ಅದರಲ್ಲಿ ಅಂಗಳದ ನಾಲ್ಕು ಬಸಳೆ ಎಲೆಯಾದರೂ ಹಾಕಿ ಹಿಂದೆ ಕಳಿಸುತ್ತಿದ್ದರು.

ಆಗಲೇ ಕಷ್ಟದಲ್ಲಿರುವ ಕಲಾವಿದರಿಗೆ ಸಹಾಯಧನ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಪುತ್ತೂರಿನ ದರ್ಬೆಯ ನನ್ನ ಪುಟ್ಟ ಅಂಗಡಿಯ ಎದುರು ಜಾತ್ರೆಯೋ ಜಾತ್ರೆ! ಕಡಬದಿಂದ ಚೆಂಡೆಯವರು, ಸುಳ್ಯದಿಂದ ದಫ್ ಬಾರಿಸುವ ಬ್ಯಾರಿ ಹುಡುಗರು, ಕೊಲ್ಲಮೊಗ್ರಿನಿಂದ ಬಸ್ಸು ಬದಲಾಯಿಸಿ ಬಂದ ಪಾಡ್ದನ ಹೇಳುವ ಅಜ್ಜಿ. ಅಜ್ಜಿಯಂತೂ ನಾನು ಟೈಪ್ ಮಾಡುತ್ತಿದ್ದಷ್ಟು ಹೊತ್ತೂ ಹಾಡುತ್ತಲೇ ಇದ್ದರು, ಅದನ್ನೂ ಅರ್ಜಿಗೆ ಹಾಕಲಿ ಎಂದು.

ಪ್ರಾಂಪ್ಟರಣ್ಣ ಬಂದದ್ದು ಎಲ್ಲರೂ ಹೋದ ಮೇಲೆ, ನಾನು ಊಟದ ಡಬ್ಬ ತೆರೆಯುವಾಗ. ವೇದಿಕೆಯ ಮೇಲೆ ಕಲೆ ಪ್ರದರ್ಶಿಸುತ್ತಿರುವ ಮೂರು ಫೋಟೋ ಬೇಕು ಎಂದು ಅರ್ಜಿಯಲ್ಲಿತ್ತು.

‘ಫೋಟೋ ಕೊಡಿ ಅಣ್ಣ.’

‘ಇಲ್ಲ.’

‘ಇಷ್ಟು ವರ್ಷದಲ್ಲಿ ಒಂದೂ ಇಲ್ವಾ?’

‘ನಾನು ಫೋಟೋದಲ್ಲಿ ಕಂಡ್ರೆ ನಾಟಕ ಹಾಳಾದ ಹಾಗೆ ಅಲ್ವಾ ಮಾರಾಯ್ತಿ?’

ನನಗೆ ಸಿಟ್ಟು ಬಂತು. ನಾಟಕದ ನೋಟೀಸಿನಲ್ಲಿ ಹೆಸರಾದರೂ ಇದ್ದೀತು ಎಂದರೆ ಅದೂ ಇಲ್ಲ. ಆ ನೋಟೀಸುಗಳ ಪ್ರೂಫ್ ನೋಡಿದವರೇ ಇವರು! ಮೈಕಿನವನ ಹೆಸರಿನ ಕಾಗುಣಿತ ತಿದ್ದಿದ ಮನುಷ್ಯ ತನ್ನದೊಂದು ಹೆಸರು ಸೇರಿಸಿರಲಿಲ್ಲ. ನಾಟಕದವರ ಮನೆಗಳಿಗೆಲ್ಲ ಫೋನ್ ಮಾಡಿ ಆಲ್ಬಮ್ ತರಿಸಿದೆ. ಇಡೀ ಒಂದು ಭಾನುವಾರ ಇಬ್ಬರೂ ಕೂತು ಹುಡುಕಿದೆವು. ಕೊನೆಗೆ ಒಂದು ಫೋಟೋದಲ್ಲಿ, ಪರದೆಯ ಅಂಚಿನಲ್ಲಿ, ಒಂದು ಮೊಣಕೈ ಕಂಡಿತು. ‘ಇದು ನಂದೇ!’ ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಆ ಮೊಣಕೈಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದೆ.

ಅವತ್ತು ಹೊರಡುವಾಗ ಒಂದು ಮಾತು ಹೇಳಿದರು. ಸುಬ್ರಹ್ಮಣ್ಯದಲ್ಲಿ ಅವರ ಭಾವ ಒಂದು ಲಾಡ್ಜು ನೋಡಿಕೊಳ್ಳುತ್ತಿದ್ದರಂತೆ. ಯಾತ್ರಿಕರಿಗೆ ರೂಮಿನ ಕೀ ಕೊಡುವ ಕೆಲಸ, ಊಟ ವಸತಿ ಅಲ್ಲೇ. ತಿಂಗಳ ಕೊನೆಯೊಳಗೆ ಹೌದು ಅಲ್ಲ ಹೇಳಬೇಕು.

‘ನಾಟಕ ಪುನಃ ಶುರುವಾದ್ರೆ ಎಂತ ಮಾಡುದು?’ ಎಂದೆ.

‘ಶುರುವಾದ್ರೆ ಅವರಿಗೆ ಬೇರೆ ಯಾರಾದ್ರೂ ಸಿಗ್ತಾರೆ. ಕೀ ಬಿಟ್ಟು ಓಡಿ ಬರ್ಲಿಕ್ಕೆ ಆಗ್ತದಾ?’

ನಗುತ್ತಲೇ ಹೇಳಿದರು. ಆದರೆ ಚಪ್ಪಲಿ ಹಾಕಿಕೊಳ್ಳುವಾಗ ಎಡಬಲ ತಪ್ಪಿ ಹಾಕಿಕೊಂಡರು, ನಾನು ನೋಡಿದೆ. ಸಹಾಯಧನ ಬಂದರೆ ಅವರು ಪರದೆಯ ಹಿಂದೆ ಉಳಿಯುತ್ತಾರೆ, ಬಾರದಿದ್ದರೆ ಕೀಗೊಂಚಲಿನ ಹಿಂದೆ ಹೋಗಿ ಕೂರುತ್ತಾರೆ. ವಿಷಯ ಅಷ್ಟೇ ಇದ್ದದ್ದು.

ಮೊಣಕೈ ಸಾಕಾಗಲಿಲ್ಲ. ಯಾರ ಅರ್ಜಿಯ ಮೇಲೆ ಸಂಶಯ ಇದೆಯೋ ಅವರೆಲ್ಲ ಪುತ್ತೂರಿನ ಒಂದು ಸಭಾಭವನಕ್ಕೆ ಬಂದು, ಸಮಿತಿಯ ಎದುರು ಕಲೆ ತೋರಿಸಬೇಕು ಎಂದು ಪತ್ರ ಬಂತು. ನಾನು ಅಂಗಡಿಗೆ ಬೀಗ ಹಾಕಿ ಅವರ ಜೊತೆ ಹೋದೆ. ಅವರನ್ನು ಒಬ್ಬರನ್ನೇ ಬಿಟ್ಟರೆ ಒಂದು ಅಕ್ಷರ ಮಾತಾಡದೆ ನಮಸ್ಕಾರ ಮಾಡಿ ವಾಪಸ್ಸು ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಸಮಿತಿಯಲ್ಲಿ ಮೂರು ಜನ. ಮಧ್ಯೆ ಕೂತ ಅಧಿಕಾರಿ ಘಟ್ಟದ ಮೇಲಿನವರು, ಬಂದು ಎರಡು ತಿಂಗಳಾಗಿತ್ತು, ತುಳುವಿನಲ್ಲಿ ‘ಊಟ ಆಯಿತಾ’ ಎಂದು ಕೇಳಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಮುಖ ಗಂಟು. ಕೊಲ್ಲಮೊಗ್ರಿನ ಅಜ್ಜಿ ಹಾಡಿ ಪಾಸಾದರು, ಸಾಕು ಎಂದರೂ ನಿಲ್ಲಿಸದೆ ಎರಡು ಸಲ ಪಾಸಾದರು.

ಪ್ರಾಂಪ್ಟರಣ್ಣನ ಸರದಿ ಬಂತು.

‘ನಿಮ್ದೇನ್ರೀ?’ ಎಂದರು ಅಧಿಕಾರಿ.

‘ಪ್ರಾಂಪ್ಟಿಂಗ್ ಸಾರ್.’

‘ಸರಿ, ಮಾಡಿ ತೋರ್ಸಿ.’

ಅಧಿಕಾರಿ ಗಡಿಯಾರ ನೋಡಿದರು. ಇವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ತಂದುಕೊಂಡು, ‘ನಟ ಇಲ್ಲದೆ ಹೇಗೆ ಸಾರ್?’ ಎಂದರು. ಸಭೆ ನಕ್ಕಿತು. ನಾಟಕದವರು ನಾಲ್ಕೈದು ಜನ ನಾನು ನಾನು ಎಂದು ಮುಂದೆ ಬಂದರು. ಅಧಿಕಾರಿ ಕೈಯಡ್ಡ ಹಿಡಿದರು. ‘ನಿಮಗೆಲ್ಲ ಮೊದ್ಲೇ ಬಾಯಿಪಾಠ ಇರುತ್ತೆ. ಇವರು ಹೇಳಿಕೊಟ್ಟಿದ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಒಂದು ಮಾತೂ ಗೊತ್ತಿಲ್ಲದವರು ಬೇಕು.’

ಅಂಥವರು ಆ ಸಭೆಯಲ್ಲಿ ಎಲ್ಲಿ? ಪ್ರಾಂಪ್ಟರಣ್ಣ ಆಗಲೇ ಹೊರಡುವವರ ಹಾಗೆ ಕೈಚೀಲ ತೆಗೆದುಕೊಂಡರು. ನನ್ನ ಬಾಯಿಗೆ ಬ್ರೇಕ್ ಇಲ್ಲ ಎಂದು ಅಮ್ಮ ಹೇಳುವುದು ಸುಮ್ಮನೆ ಅಲ್ಲ. ‘ಹಾಗಾದ್ರೆ ನೀವೇ ನಿಲ್ಲಿ ಸಾರ್, ನಿಮಗೆ ತುಳುವೇ ಬರುದಿಲ್ವಲ್ಲ!’ ಎಂದುಬಿಟ್ಟೆ.

ಅಯ್ಯೋ ದೇವರೇ! ಮುಗಿಯಿತು, ಇವರ ಅರ್ಜಿಯನ್ನು ನಾನೇ ಕೈಯಾರೆ ಹರಿದು ಹಾಕಿದೆ ಅಂದುಕೊಂಡೆ. ಅಧಿಕಾರಿ ನನ್ನನ್ನೇ ಒಂದು ನಿಮಿಷ ನೋಡಿದರು. ಆಮೇಲೆ ಪೆನ್ನಿಗೆ ಕ್ಯಾಪ್ ಹಾಕಿ, ಕುರ್ಚಿ ಹಿಂದೆ ಸರಿಸಿ ಎದ್ದರು.

ಪ್ರಾಂಪ್ಟರಣ್ಣನ ಮುಖ ನೀವು ನೋಡಬೇಕಿತ್ತು. ನಿಂತ ಭಂಗಿಯೇ ಬೇರೆಯಾಯಿತು. ‘ನಾನು ಕಾಣ್ಬಾರ್ದು ಸಾರ್’ ಎಂದು ಹೇಳಿ ಸಮಿತಿಯ ಬ್ಯಾನರ್ ಹಿಂದೆ ಹೋಗಿ ನಿಂತರು. ಚೀಲದಿಂದ ಪುಸ್ತಕ ತೆಗೆದರು. ಮನೆಯಿಂದ ಹೊರಗೆ ಹಾಕಿದ್ದ ಮಗ ಎಷ್ಟೋ ವರ್ಷದ ಮೇಲೆ ಬಂದು ಗೇಟಿನ ಹೊರಗೆ ನಿಂತಿದ್ದಾನೆ, ಅಪ್ಪ ಒಳಗೆ ಕರೆಯಬೇಕು. ಆ ದೃಶ್ಯ. ನಮಗೆಲ್ಲ ಗೊತ್ತಿದ್ದದ್ದೇ.

ಮೊದಲ ಎರಡು ಮಾತು ಅಧಿಕಾರಿ ಕಡತ ಓದಿದ ಹಾಗೆ ಹೇಳಿದರು. ನಾವೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ನಾನು ಬ್ಯಾನರಿನ ಪಕ್ಕದಲ್ಲೇ ನಿಂತಿದ್ದರಿಂದ ಒಳಗಿನ ಪಿಸುಮಾತು ನನಗೆ ಕೇಳುತ್ತಿತ್ತು. ಅವರು ಬರೀ ಮಾತು ಹೇಳಿಕೊಡುತ್ತಿರಲಿಲ್ಲ. ‘ಈಗ ನಿಲ್ಲಿ... ಅವನನ್ನು ನೋಡ್ಬೇಡಿ... ಉಸಿರು ತೆಗೀರಿ... ಈಗ ನೋಡಿ’ ಎನ್ನುತ್ತಿದ್ದರು. ಮಾತಿನ ದನಿಯಲ್ಲೇ ಆ ಅಪ್ಪನ ಅಹಂಕಾರ, ನಾಚಿಕೆ ಎಲ್ಲ ಇತ್ತು. ಅಧಿಕಾರಿಯ ಭುಜ ಮೆಲ್ಲ ಇಳಿಯಿತು. ‘ಮಗಾ... ಎನ್ನ ತಪ್ಪಾಂಡ್’ ಎಂದರು. ಮಗನೇ, ನನ್ನಿಂದ ತಪ್ಪಾಯಿತು ಎಂದು. ಹಾಗೆ ಹೇಳುತ್ತ, ಅಲ್ಲಿಲ್ಲದ ಗೇಟಿನ ಕಡೆ ಎರಡೂ ಕೈ ಚಾಚಿದರು. ಒಂದಕ್ಷರ ತುಳು ಗೊತ್ತಿಲ್ಲದ ಮನುಷ್ಯ! ಕೊಲ್ಲಮೊಗ್ರಿನ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ದಫ್ಫಿನ ಹುಡುಗರು ನಗು ನಿಲ್ಲಿಸಿದರು.

ದೃಶ್ಯ ಮುಗಿದರೂ ಅಧಿಕಾರಿ ಕದಲಲಿಲ್ಲ. ಬ್ಯಾನರಿನ ಕಡೆ ತಿರುಗಿ, ‘ಮುಂದೆ ಏನು?’ ಎಂದು ಕೇಳಿದರು.

‘ಮುಗೀತು ಸಾರ್.’

‘ಅಷ್ಟೇನಾ? ನಾನು ಈಗ ಏನ್ ಹೇಳಿದ್ದು?’

‘ಮಗನ ಹತ್ರ ಕ್ಷಮೆ ಕೇಳಿದ್ದು ಸಾರ್.’

‘ಛೆ, ಮೊದ್ಲೇ ಗೊತ್ತಿದ್ರೆ ಕೇಳ್ತಾನೇ ಇರ್ಲಿಲ್ಲ ನಾನು!’ ಎಂದು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಮುಖದ ಗಂಟು ಬಿಚ್ಚಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇಷ್ಟರಲ್ಲಿ ನಾನು ಮೊಬೈಲಿನಲ್ಲಿ ಮೂರು ಫೋಟೋ ಹೊಡೆದಿದ್ದೆ, ಇನ್ನು ಯಾರೂ ಫೋಟೋ ಇಲ್ಲ ಅನ್ನಬಾರದು ಎಂದು. ತೆರೆದು ನೋಡಿದರೆ ಮೂರರಲ್ಲೂ ಅಧಿಕಾರಿ ಸಾಹೇಬರೇ, ಎರಡೂ ಕೈ ಚಾಚಿ! ಪ್ರಾಂಪ್ಟರಣ್ಣನದು ಅಂತ ಬ್ಯಾನರಿನ ಕೆಳಗೆ ಒಂದು ಜೊತೆ ಚಪ್ಪಲಿ. ನನ್ನ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಧಿಕಾರಿ ಫೋಟೋ ನೋಡಿ, ಪ್ರಿಂಟ್ ಹಾಕಿಸಿ ತರಲು ಹೇಳಿದರು. ತಂದುಕೊಟ್ಟಾಗ ಮೂರರ ಕೆಳಗೂ ಅವರೇ ಕೈಯಾರೆ ಬರೆದರು: ‘ಛಾಯಾಚಿತ್ರದಲ್ಲಿ ಕಾಣದಿರುವವರೇ ಅರ್ಜಿದಾರರು.’ ಬರೆದು ಸಹಿ ಹಾಕಿ, ಮೊಹರು ಒತ್ತಿದರು.

ಸಹಾಯಧನ ಬಂತು. ದೊಡ್ಡ ಮೊತ್ತವಲ್ಲ, ಆದರೆ ಭಾವನಿಗೆ ‘ಇಲ್ಲ’ ಅನ್ನಲು ಸಾಕಾಯಿತು. ಅವತ್ತು ಪ್ರಾಂಪ್ಟರಣ್ಣ ಗೋಳಿಬಜೆಯ ದೊಡ್ಡ ಪೊಟ್ಟಣ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಜೆರಾಕ್ಸಿಗೆ ಬಂದವರಿಗೆಲ್ಲ ಹಂಚಿದರು, ಗುರುತಿಲ್ಲದವರಿಗೂ. ಎಣ್ಣೆಯ ಕೈಯಲ್ಲಿ ಮುಟ್ಟಿ ಯಾರದ್ದೋ ಜಾತಿ ಪ್ರಮಾಣಪತ್ರಕ್ಕೆ ಕಲೆಯಾಯಿತು. ಆ ಮನುಷ್ಯನೂ ನಕ್ಕುಬಿಟ್ಟ, ಅವರ ಖುಷಿ ಹಾಗಿತ್ತು. ಕೆಲವು ತಿಂಗಳಲ್ಲಿ ನಾಟಕಗಳೂ ಪುನಃ ಶುರುವಾದವು. ಅಧಿಕಾರಿ ವರ್ಗವಾಗಿ ಹೋಗುವ ತನಕ ಒಂದು ರಿಹರ್ಸಲ್ಲನ್ನೂ ಬಿಡಲಿಲ್ಲ. ಒಂದು ನಾಟಕದಲ್ಲಿ ಪೋಸ್ಟ್‌ಮ್ಯಾನ್ ಕೂಡ ಆದರು, ಮರೆಯಿಂದ ಹೇಳಿಕೊಟ್ಟ ಹಾಗೇ ತುಳುವಿನಲ್ಲಿ ಕೂಗಿ ಕಾಗದ ಕೊಟ್ಟು ಹೋದರು. ಆ ವರ್ಷಗಳ ಪ್ರಾಂಪ್ಟರಣ್ಣನನ್ನು ನೆನೆದರೆ ನನಗೆ ಈಗಲೂ ಕೂತಲ್ಲೇ ನಗು ಬರುತ್ತದೆ...

ಹೋದ ತಿಂಗಳು ಅವರು ಹೋದರು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಬೆಳಿಗ್ಗೆ ಅಮ್ಮ ಕೂಗಿದಾಗ ಏಳಲಿಲ್ಲ, ಅಷ್ಟೇ. ನಾನು ತುಂಬಾ ಅತ್ತೆ. ನಾಟಕದವರೆಲ್ಲ ಸೇರಿ ದರ್ಬೆಯಲ್ಲೇ ಒಂದು ಶ್ರದ್ಧಾಂಜಲಿ ಸಭೆ ಮಾಡಿದರು. ಮೊದಲು ಮಾತಿಗೆ ಎದ್ದದ್ದು ಯಾವಾಗಲೂ ಖಳನಾಯಕನ ಪಾರ್ಟು ಮಾಡುವ ರಿಕ್ಷಾದವರು. ಅವರ ಗರ್ಜನೆಗೆ ಮಕ್ಕಳು ಉಚ್ಚೆ ಹೊಯ್ದುಕೊಳ್ಳುತ್ತಿದ್ದವು. ಮೈಕು ಹಿಡಿದು, ‘ನಮ್ಮ ಪ್ರಾಂಪ್ಟರಣ್ಣ...’ ಎಂದರು. ಅಲ್ಲಿಗೇ ನಿಂತರು. ತಲೆ ತಾನಾಗಿ ಎಡಕ್ಕೆ, ಪರದೆಯ ಕಡೆ ವಾಲಿತು. ಸ್ವಲ್ಪ ಹೊತ್ತು ಕಾದರು. ಆಮೇಲೆ ಮೈಕು ಕೆಳಗಿಟ್ಟು ಬಂದು ಕೂತರು.

ಮರುದಿನ ನಾನು ಅಂಗಡಿಯ ಬಾಗಿಲು ತೆರೆಯುವಾಗಲೇ ಆ ರಿಕ್ಷಾದವರ ಫೋನ್ ಬಂತು.

‘ನಿನ್ನೆ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ಈಗ ನೆನಪಾಯ್ತು ಮಾರಾಯ್ತಿ.’

‘ಎಂತದು?’

‘ಉಪಕಾರ ಆಯ್ತು ಅಂತ ಹೇಳ್ಲಿಕ್ಕೆ ಇತ್ತು. ಮೂವತ್ತು ವರ್ಷ ಅವರು ಹೇಳಿಕೊಟ್ಟ ಮಾತು ಒಂದನ್ನೂ ಬಿಡದೆ ಹೇಳಿದ್ದೇನೆ. ಇದೊಂದನ್ನು ಮಾತ್ರ ಅವರು ಹೇಳಿಕೊಡ್ಲೇ ಇಲ್ಲ ನೋಡು.’

ಫೋನ್ ಇಟ್ಟು ಅಂಗಡಿಯೊಳಗೆ ಕೂತೆ. ನಾನೂ ಹೇಳಿರಲಿಲ್ಲ.