ಕುಬಸದ ಸೀರೆ

ಮೊನ್ನೆ ಹೊಸ ಕುಪ್ಪಸದ ಅರಿವೆಯೊಂದನ್ನು ಉಪ್ಪುನೀರಿನಲ್ಲಿ ನೆನೆಹಾಕಿದ್ದೆ. ಗಂಜಿ ಬಿಟ್ಟು ಬಕೆಟ್ಟಿನಿಂದ ಎದ್ದ ಹಸಿ ವಾಸನೆಗೆ, ಬಮ್ಮಿಗಟ್ಟಿಯಲ್ಲಿ ನಮ್ಮ ಬಾಜು ಮನೆಯಲ್ಲಿದ್ದ ಕಾಕು ನೆನಪಾದರು...

ಎಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲಿಗೆ ಹೋಗುತ್ತಿದ್ದೆ. ತುಂಡು ಅರಿವೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಕಾಕುವಿನ ಕೈ ಊರಿಗೇ ಗೊತ್ತಿತ್ತು. ಹಳೆ ಸೀರೆಯಿರಲಿ, ಸಿಂಪಿಗರ ಅಂಗಡಿಯ ಚಿಂದಿಯಿರಲಿ, ಮೊದಲು ಉಪ್ಪು ಹಾಕಿ ನೆನೆಸಿ, ನೀರು ತಿಳಿಯಾಗುವ ತನಕ ಹಿಂಡುತ್ತಿದ್ದರು. ಆಮೇಲೆ ಬಿಳಿ ಅರಿವೆಯಿಂದ ಒತ್ತಿ ನೋಡುವರು. ಬಣ್ಣ ಹತ್ತಿದರೆ ಮತ್ತೆ ನೀರಿಗೆ. ಸೂಟಿಯ ದಿನ ಬಾವಿಯಿಂದ ನೀರು ಸೇದಿ ಕೊಡುವುದು ನನ್ನ ಪಾಲಿಗೆ.

ಅವರಿಗೆ ಇದ್ದವಳು ಒಬ್ಬಳೇ ಮಗಳು. ಸಂಶಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಗಂಡುಕೂಸು ಹಡೆದು, ಐದನೇ ದಿನಕ್ಕೆ ನಂಜೇರಿ ತೀರಿಕೊಂಡಳು. ಕಾಕು ಅತ್ತದ್ದನ್ನು ನಾನು ನೋಡಲಿಲ್ಲ. ಕೂಸಿಗೆ ಆಕಳ ಹಾಲು ಕುಡಿಸುವುದು, ಎಣ್ಣೆ ಹಚ್ಚಿ ಎರೆಯುವುದು, ತೊಟ್ಟಿಲು ತೂಗುವುದು... ಅದರಲ್ಲೇ ಆರು ತಿಂಗಳು ಕಳೆದವು. ಅಷ್ಟರಲ್ಲಿ ಸಂಶಿಯಿಂದ ಸುದ್ದಿ ಬಂತು. ಅಳಿಯನಿಗೆ ಮತ್ತೊಂದು ಲಗ್ನವಾಗಿದೆ, ಬರುವ ಸೋಮವಾರ ಕೂಸನ್ನು ಒಯ್ಯುತ್ತೇವೆ ಎಂದು.

ಕೂಸಿನ ಜೊತೆ ಕಳಿಸಲು ಕೌದಿ ಹೊಲಿಯಬೇಕೆಂದು ಕಾಕು ಟ್ರಂಕಿನಿಂದ ಮಗಳ ಸೀರೆಗಳನ್ನು ತೆಗೆದು, ಒಂದೊಂದಾಗಿ ತೊಳೆದು ಹಾಕಿದರು. ಒಂದು ಮಾತ್ರ ಉಳಿಯಿತು. ಬಸಿರಿನ ಏಳನೇ ತಿಂಗಳಲ್ಲಿ ಕುಬಸದ, ಎಂದರೆ ಸೀಮಂತದ, ದಿನ ಉಟ್ಟಿದ್ದ, ಕೆಂಪು ಸೆರಗಿನ ಹಸಿರು ಇಳಕಲ್ಲ ಸೀರೆ. ಒಂದೇ ಸಲ ಉಟ್ಟದ್ದು, ನೀರು ಕಂಡಿರಲಿಲ್ಲ. ಅದನ್ನು ಮೂಗಿಗೆ ಒತ್ತಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

"ಇನ್ನೂ ಆಕಿ ವಾಸನಿ ಐತಿ," ಎಂದರು.

"ಹಂಗಾರ ಇದೊಂದು ನೀವು ಇಟ್ಕೊಂಡಬಿಡ್ರಿ ಕಾಕು. ಕೌದಿಗೆ ಹಾಕಬ್ಯಾಡ್ರಿ."

"ಅಂವಗ ಅವ್ವಂದು ಅಂತ ಮತ್ತೇನೈತಿ? ಹಾಕಬೇಕು. ತೊಳೀದಂಗ ಹಾಕಿದ್ರ ಬಣ್ಣ ಬಿಡತೈತಿ, ಕೂಸು ಕೌದಿ ಅಂಚು ಚೀಪತೈತಿ ಬೇ." ಸೀರೆಯನ್ನು ನನ್ನ ಕೈಗೆ ಕೊಟ್ಟರು. "ನೀನ ಅದ್ದು. ನನ್ನ ಕೈಲೆ ಆಗವಲ್ದು."

ಅದ್ದಿದೆ. ಸೆರಗಿನ ಕೆಂಪು ನೀರಿಗಿಳಿಯಿತು. ಚೆಲ್ಲಿ ಮತ್ತೆ ಅದ್ದಿದೆ. ನಾಲ್ಕನೆಯ ನೀರು ತಿಳಿಯಾಗುವ ತನಕ ಅವರು ಈ ಕಡೆ ತಿರುಗಲಿಲ್ಲ. ಒಣಗಿದ ಮೇಲೆ ಮೂಸಿ ನೋಡಿದರು. ಬರೀ ಬಿಸಿಲಿನ ವಾಸನೆ. ಆಗ ಅತ್ತರು, ಓಣಿಯವರೆಲ್ಲ ಓಡಿಬರುವ ಹಾಗೆ.

ಸೋಮವಾರ ಕೂಸು ಆ ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿತು. ಹಬ್ಬಕ್ಕೆ ಕರೆತರುತ್ತೇವೆ ಎಂದವರು ಬರಲಿಲ್ಲ. ಕಾಕು ತಾವೇ ಎರಡು ಸಲ ಸಂಶಿಗೆ ಹೋಗಿಬಂದರು. "ಈಗಿನಾಕೀನ ಅವ್ವ ಅಂತ ರೂಢಿ ಆಗೇತ್ರಿ, ನೀವು ಬಂದು ಹೋದ್ರ ಕೂಸು ಗಾಬರಿ ಆಗತೈತಿ," ಎಂದರಂತೆ ಬೀಗರು. ಮೂರನೆಯ ಸಲ ಹೋಗಲಿಲ್ಲ. ಊರಿನ ಉಳಿದ ಕೂಸುಗಳಿಗೆ ಕೌದಿ ಹೊಲಿಯುತ್ತಲೇ ಇದ್ದರು. ನನ್ನ ಮದುವೆಯಾದ ಮರುವರ್ಷ ತೀರಿಕೊಂಡರು.

ಆ ಹುಡುಗನಿಗೆ ಈಗ ನಲವತ್ತರ ಹತ್ತಿರ. ಎದುರು ಬಂದರೂ ಗುರುತು ಹಿಡಿಯಲಾರೆ. ಹಡೆದವಳು ಬೇರೆ ಇದ್ದಳೆಂದು ಅವನಿಗೆ ಯಾರಾದರೂ ಹೇಳಿದರೋ ಇಲ್ಲವೋ... ಕಂಡದ್ದನ್ನು ಹೇಳಲು ಉಳಿದವಳು ನಾನೊಬ್ಬಳೇ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ನಾನು ಸಂಶಿಗೆ ಹೋಗಲಿಲ್ಲ.