ಖಳನಾಯಕ ನಮ್ಮ ಮನೆಯಲ್ಲಿದ್ದ ನಾಲ್ಕು ದಿನ

ಆ ಕಾಲದಲ್ಲಿ ಸಿನಿಮಾದಲ್ಲಿ ಸತ್ತವರು ನಿಜವಾಗಿಯೂ ಸಾಯುತ್ತಿದ್ದರು. ನನ್ನ ವಾರಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಡಿಗೆರೆಯ ಟೆಂಟಿನಲ್ಲಿ ಮರಳಿನ ಮೇಲೆ ಕೂತು, ಮಡಿಲಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು, ಮುಂದಿನವರ ತಲೆಗಳ ಸಂದಿಯಿಂದ ನೋಡಿದ್ದೆಲ್ಲವನ್ನೂ ನಾವು ನಂಬುತ್ತಿದ್ದೆವು. ಮನೆಗೆ ಬಂದ ಮೇಲೂ ನಂಬುತ್ತಿದ್ದೆವು.

ನನಗಾಗ ಒಂಬತ್ತು ವರ್ಷ. ಅಬ್ಬಾ ಮೆಕ್ಯಾನಿಕ್. ಕೊಟ್ಟಿಗೆಹಾರದ ರಸ್ತೆಯ ಪಕ್ಕ ಅವರ ಗ್ಯಾರೇಜು, ಗ್ಯಾರೇಜಿನ ಹಿಂದೆ ಮನೆ, ಮನೆಯ ಹಿಂದೆ ಬಾವಿ, ಬಾವಿಯಾಚೆ ಬೇಲಿ ನುಸುಳಿದರೆ ಕಾಫಿ ಎಸ್ಟೇಟು. ಆ ಸಲ ಯುಗಾದಿಗೆ ಮುಂಚೆಯೇ ಹೂಮಳೆ ಬಿದ್ದು ಗುಡ್ಡವೆಲ್ಲ ಬೆಳ್ಳಗೆ ಅರಳಿತ್ತು. ಕಾಫಿ ಹೂವಿನ ಘಮ ಗ್ರೀಸಿನ ವಾಸನೆಯ ಜೊತೆ ಬೆರೆತು ಮನೆಯೊಳಗೆಲ್ಲ ತುಂಬಿತ್ತು. ಈಗಲೂ ಅವೆರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನ್ನ ಅಂಗೈ ಬೆವರುತ್ತದೆ.

ಕಾರಣ, ಹೂ ಅರಳುವ ಕೆಲವು ದಿನ ಮುಂಚೆ ನೋಡಿದ ಒಂದು ಸಿನಿಮಾ. ಅದರಲ್ಲಿ ಊರ ಸಾಹುಕಾರ ತೊಟ್ಟಿಲಿನ ಕೂಸನ್ನು ಎತ್ತಿಕೊಳ್ಳುತ್ತಾನೆ, ಮುತ್ತಿಡುತ್ತಾನೆ, ನಗುತ್ತಾ ನಗುತ್ತಾ ಹೋಗಿ ಬಾವಿಗೆ ಎಸೆಯುತ್ತಾನೆ. ಆ ನಗು ಕೇಳಿ ಟೆಂಟಿನಲ್ಲಿ ಹೆಂಗಸರು ಶಾಪ ಹಾಕಿದ್ದರು. ನಾನು ಅಮ್ಮಿಯ ಸೆರಗಿನೊಳಗೆ ಮುಖ ಹುದುಗಿಸಿದ್ದೆ. ನಮ್ಮ ಮನೆಯಲ್ಲೂ ಎಂಟು ತಿಂಗಳ ಕೂಸಿತ್ತು, ನನ್ನ ತಮ್ಮ ಮುನ್ನ. ಅವತ್ತಿನಿಂದ ಬಾವಿಕಟ್ಟೆಯ ಹತ್ತಿರ ಕುಂಟೆಬಿಲ್ಲೆ ಆಡುವುದನ್ನೇ ಬಿಟ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಲಾರಿಯೊಂದು ಹಳೆಯ ಕಪ್ಪು ಕಾರನ್ನು ಎಳೆದು ತಂದು ಗ್ಯಾರೇಜಿನ ಮುಂದೆ ಬಿಟ್ಟಿತು. ಕಾರಿನಿಂದ ಎತ್ತರದ ಆಸಾಮಿಯೊಬ್ಬರು ಇಳಿದರು. ಬಿಳಿ ಪಂಚೆ, ಹೆಗಲಿಗೆ ಕೆಂಪು ಅಂಚಿನ ಟವೆಲ್, ಒಂದಕ್ಕೊಂದು ಕೂಡಿಕೊಂಡ ದಪ್ಪ ಹುಬ್ಬು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನು ಚಿಲಕ ಹಿಡಿದುಕೊಂಡೆ. ಕೂಸನ್ನು ಬಾವಿಗೆ ಎಸೆದವನು ನಮ್ಮ ಅಂಗಳದಲ್ಲಿ ನಿಂತು ಅಬ್ಬಾನಿಗೆ ಕೈಮುಗಿಯುತ್ತಿದ್ದ.

ನಟ ಗುರುಲಿಂಗಪ್ಪನವರು. ಖಳನ ಪಾತ್ರ ಅಂದರೆ ಅವರೇ ಎನ್ನುವ ಕಾಲ ಆಗಷ್ಟೇ ಮುಗಿಯುತ್ತಿತ್ತು. ಸಿನಿಮಾದವರು ಕರೆಯುವುದು ಕಡಿಮೆಯಾಗಿ, ಅವರು ತಮ್ಮ ನಾಟಕ ಕಂಪನಿಯನ್ನು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಮುಂದಿನ ವಾರ ಕಳಸದಲ್ಲಿ ಆಟ. ದಾರಿಯಲ್ಲಿ ಆಕ್ಸಲ್ ಮುರಿದಿತ್ತು. ಹೊಸದು ಮಂಗಳೂರಿನಿಂದ ಬರಬೇಕು. ಕಾರಿನ ತುಂಬ ಪೋಷಾಕಿನ ಟ್ರಂಕುಗಳಿದ್ದುದರಿಂದ ಬಿಟ್ಟು ಬಸ್ಸು ಹತ್ತುವಂತೆಯೂ ಇರಲಿಲ್ಲ.

“ಲಾಡ್ಜಲ್ಲಿ ಜನ ನಿಮ್ಮನ್ನ ಸುಮ್ನೆ ಬಿಡಲ್ಲ ಸಾರ್. ನಮ್ಮನೇಲೇ ಇರಿ,” ಅಂದರು ಅಬ್ಬಾ.

“ನಾನು ಡೇರೇಲಿ ಬೆಳೆದೋನು ರಹೀಂ ಸಾಹೇಬ್ರೇ. ಮೇಲೊಂದು ಸೂರಿದ್ರೆ ಸಾಕು.”

ಅಮ್ಮಿ ಅವರಿಗೆಂದೇ ಹೊಸ ಪಾತ್ರೆ ತೆಗೆದಳು. ಅಕ್ಕಿರೊಟ್ಟಿ, ಕಾಯಿಚಟ್ನಿ, ಎಳೆ ಹಲಸಿನ ಗುಜ್ಜೆಯ ಪಲ್ಯ. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪ್ರತಿ ರೊಟ್ಟಿಗೂ “ಸಾಕು ತಾಯಿ” ಅನ್ನುತ್ತಾ ಐದು ರೊಟ್ಟಿ ತಿಂದರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಸಂಜೆ ಅವರನ್ನು ನೋಡಲು ಜನವೋ ಜನ. ಮನೆಯ ಹಿಂದಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪುಟ್ಟೇಗೌಡರೂ ಬಂದಿದ್ದರು. “ಏನ್ ರಹೀಮಣ್ಣ, ಇಷ್ಟು ಕೊಲೆ ಮಾಡ್ದೋರ್ನ ಮನೇಲಿಟ್ಕೊಂಡಿದ್ದೀಯಲ್ಲ ಮಾರಾಯ, ಪೊಲೀಸ್ನೋರು ಬಂದ್ರೆ ಏನ್ ಹೇಳ್ತೀಯ?” ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಲಿಂಗಪ್ಪನವರೂ ನಕ್ಕರು. ಅದೇ ನಗು. ನಾನು ಒಳಗೆ ಹೋಗಿ ಮುನ್ನನ ಪಕ್ಕ ಕೂತೆ.

ಮಾರನೆಯ ಬೆಳಿಗ್ಗೆ ಅವರು ಅಂಗಳದಲ್ಲಿ ನಿಂತು ದನಿ ಸಾಧನೆ ಮಾಡಿದರು. ಮೈಕಿಲ್ಲದ ಕಾಲದಲ್ಲಿ ಕಡೆಯ ಸಾಲಿನವರಿಗೆ ಮುಟ್ಟಿಸಿದ ದನಿ ಅದು. ಎದುರಿನ ಗುಡ್ಡಕ್ಕೆ ಹೋಗಿ ತಿರುಗಿ ಬರುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ. ಮುನ್ನ ಮಾತ್ರ ಕೈಕಾಲು ಬಡಿದು ಕೇಕೆ ಹಾಕಿದ. ಅವರು ಅವನನ್ನು ಎತ್ತಿಕೊಂಡು ಕೆನ್ನೆಗೆ ಮುತ್ತಿಟ್ಟು, “ಈ ಬಂಗಾರನ್ನ ನಾನೇ ಎತ್ಕೊಂಡು ಹೋಗ್ಬಿಡ್ತೀನಿ ನೋಡಮ್ಮಾ,” ಅಂದರು.

“ತಗೊಂಡ್ಹೋಗಿ ಸಾರ್, ತುಂಬಾ ಹಟ ಇವನದ್ದು,” ಎಂದು ಅಮ್ಮಿ ನಕ್ಕಳು.

ಅವಳಿಗೆ ಏನೂ ಗೊತ್ತಾಗುತ್ತಿಲ್ಲವಲ್ಲ ಎಂದು ನನಗೆ ಅಳು ಬಂತು. ಒಲೆಯ ಮುಂದೆ ಅವಳ ಸೆರಗು ಹಿಡಿದು ಹೇಳಿದೆ: “ಅಮ್ಮೀ, ಅವ್ರು ಮುನ್ನನ್ನ ಬಾವಿಗೆ ಹಾಕ್ತಾರೆ.”

“ಬಾಯಿಗೆ ಬಂದಂಗೆ ಮಾತಾಡ್ಬೇಡ. ದೊಡ್ಡೋರು ಅವ್ರು. ಕೇಳಿಸ್ಕೊಂಡ್ರೆ ಏನಂದ್ಕೋತಾರೆ?”

ಮೂರನೆಯ ದಿನ ಮಧ್ಯಾಹ್ನ. ಅಬ್ಬಾ ಪೇಟೆಗೆ ಹೋಗಿದ್ದರು. ಅಮ್ಮಿ ರಸ್ತೆಯಾಚೆಯ ಮನೆಯಿಂದ ಹಾಲು ತರಲು ಹೊರಟಾಗ, “ನೀವು ಹೋಗ್ಬನ್ನಿ ತಾಯಿ, ಕೂಸನ್ನ ನಾನು ನೋಡ್ಕೋತೀನಿ,” ಎಂದು ಗುರುಲಿಂಗಪ್ಪನವರು ಅನ್ನುವುದು ಕೇಳಿಸಿತು. ನಾನು ಹಿತ್ತಿಲ ಬಾಗಿಲಿಗೆ ಓಡಿ ಬಂದೆ. ಅವರು ಮುನ್ನನನ್ನು ತೋಳಲ್ಲಿಟ್ಟುಕೊಂಡು ನೇರವಾಗಿ ಬಾವಿಕಟ್ಟೆಯ ಕಡೆ ನಡೆಯುತ್ತಿದ್ದರು. ಕಟ್ಟೆಗೆ ಬಗ್ಗಿ ಅವನಿಗೆ ಏನನ್ನೋ ತೋರಿಸಿದರು. ಮೀನಿರಬೇಕು. ನನಗೆ ಕೂಗಬೇಕು ಅನ್ನಿಸಿತು, ಕೂಗಿದರೆ ಎಸೆದೇಬಿಟ್ಟಾರು ಎಂದು ಬಾಗಿಲು ಹಿಡಿದು ನಿಂತೆ.

ಯಾಕೋ ತಿರುಗಿ ಬಂದರು. ಮುನ್ನನನ್ನು ಚಾಪೆಯ ಮೇಲೆ ಕೂರಿಸಿ, ಅವನು ಒದ್ದೆ ಮಾಡಿದ್ದ ಟವೆಲನ್ನು ಬದಲಿಸಲು ಒಳಗೆ ಹೋದರು. ಅಷ್ಟು ಹೊತ್ತು ಸಾಕಾಯಿತು. ತಮ್ಮನನ್ನು ಬಾಚಿ ಸೊಂಟಕ್ಕೇರಿಸಿಕೊಂಡು ಬೇಲಿ ನುಸುಳಿ ಎಸ್ಟೇಟಿನೊಳಗೆ ಓಡಿದೆ.

ಕಾಫಿ ಗಿಡಗಳು ನನಗಿಂತ ಎತ್ತರ. ಎಲ್ಲಿ ನೋಡಿದರೂ ಬಿಳಿ ಹೂ, ಗುಂಯ್‌ಗುಡುವ ಜೇನು. ಕೊಂಬೆಗಳು ಗೀರಿದ ಕಾಲು ಉರಿಯುತ್ತಿತ್ತು. ಎಷ್ಟು ಓಡಿದೆನೋ, ಯಾವ ಕಡೆ ತಿರುಗಿದೆನೋ, ಮನೆ ಯಾವ ದಿಕ್ಕಿಗೆ ಅನ್ನುವುದೇ ಮರೆತುಹೋಯಿತು. ಮುನ್ನ ಅಳಲು ಶುರುಮಾಡಿದ. ಅವನ ಬಾಯಿಗೆ ನನ್ನ ಹೆಬ್ಬೆರಳು ಕೊಟ್ಟು ಇಳಿಜಾರಿನಲ್ಲಿ ಇಳಿದೆ. ಕೆಳಗೆ ಎಸ್ಟೇಟಿನ ಕೆರೆ. ದಡದ ಜೊಂಡಿನಲ್ಲಿ ಅಡಗಿ ಕೂತೆ.

ಆಗ ಆ ದನಿ ಬಂತು. “ನೂರೀ!” ಗುಡ್ಡವೇ ನನ್ನ ಹೆಸರು ಹಿಡಿದು ಗದರಿದಂತೆ. ಮತ್ತೆ, ಇನ್ನೂ ಹತ್ತಿರದಿಂದ, “ನೂರೀ!” ನಾನು ಹಿಂದೆ ಸರಿದೆ. ಕಾಲ ಕೆಳಗೆ ಮೆತ್ತಗೆ ಕುಸಿಯಿತು. ಇನ್ನೊಂದು ಹೆಜ್ಜೆ ಸರಿದೆ. ಕೆಸರು ಮೊಣಕಾಲಿಗೆ ಬಂತು, ನೀರು ಸೊಂಟಕ್ಕೆ. ಕಾಲೆತ್ತಲು ಹೋದರೆ ಇನ್ನೂ ಕೆಳಗೆ ಎಳೆಯಿತು.

ಕೂಗು ನಿಂತುಹೋಯಿತು. ಸ್ವಲ್ಪ ಹೊತ್ತು ಜೇನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅಮ್ಮಿಯ ದನಿ ಕೇಳಿಸಿತು. “ನೂರೀ… ಆಜಾ ಬೇಟಾ…” ಕೊನೆಯಲ್ಲಿ ಅವಳು ಎಳೆಯುವ ರಾಗ, ನನ್ನ ಹೆಸರಿಗೆ ಮುಂಚೆ ಅವಳು ತೆಗೆದುಕೊಳ್ಳುವ ಸಣ್ಣ ಉಸಿರು, ಎಲ್ಲವೂ ಅವಳದೇ.

“ಅಮ್ಮೀ! ಇಲ್ಲಿದ್ದೀನಿ!” ಎಂದು ಕಿರುಚಿದೆ.

ಗಿಡಗಳನ್ನು ಸರಿಸಿಕೊಂಡು ಬಂದವರು ಗುರುಲಿಂಗಪ್ಪನವರು.

ಅವತ್ತಿನಂಥ ಭಯ ಮತ್ತೆಂದೂ ನನಗೆ ಆಗಿಲ್ಲ. ಅಮ್ಮಿಯನ್ನು ಕೊಂದು ಅವಳ ದನಿಯನ್ನು ಕಿತ್ತುಕೊಂಡು ಬಂದಿದ್ದಾರೆ ಅಂದುಕೊಂಡೆ. ಹಿಂದಕ್ಕೆ ಜಗ್ಗಿದೆ. ನೀರು ಎದೆಗೆ ಬಂತು. ಮುನ್ನನ ಕಾಲು ನೀರಿಗೆ ತಾಗಿ ಅವನೂ ಚೀರಿದ.

ಅವರು ಅಲ್ಲೇ ನಿಂತರು. ಓಡಿ ಬರಲಿಲ್ಲ. ನನ್ನ ಮುಖ ನೋಡಿದರು, ಕೆರೆ ನೋಡಿದರು, ಆಮೇಲೆ ನನಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತುಬಿಟ್ಟರು. ಆ ಅಗಲವಾದ ಬೆನ್ನಿನ ಆಚೆಯಿಂದ ಅಮ್ಮಿಯ ದನಿಯೇ ಬಂತು: “ನಾನು ನಿನ್ನ ಕಡೆ ನೋಡ್ತಾನೂ ಇಲ್ಲ ಬೇಟಾ. ಮುನ್ನನ್ನ ಹೆಗಲ ಮೇಲೆ ಹಾಕ್ಕೋ. ಅಲುಗಾಡ್ಬೇಡ. ಹಾಂ, ಹಂಗೇ ಇರು.” ಮಾತಾಡುತ್ತಲೇ ಟವೆಲನ್ನು ತಲೆಯ ಮೇಲೆ ಬೀಸುತ್ತಿದ್ದರು. ಹೆದರಿಕೆಯಿದ್ದರೂ ಆ ದನಿಯ ಮಾತು ಮೀರಲು ಆಗಲಿಲ್ಲ. ಹೇಳಿದ ಹಾಗೇ ನಿಂತೆ.

ಕೂಗು ಕೇಳಿ ಬಂದಿದ್ದ ರೈಟರ್ ಪುಟ್ಟೇಗೌಡರು ಕೆರೆ ಏರಿಯ ಮೇಲಿಂದ ಟವೆಲು ನೋಡಿ ಇಳಿದರು. ಮೊದಲು ಮುನ್ನನನ್ನು, ಆಮೇಲೆ ನನ್ನನ್ನು ಎಳೆದು ದಡಕ್ಕೆ ಹಾಕಿದರು. ಅಲ್ಲಿಯವರೆಗೂ ಗುರುಲಿಂಗಪ್ಪನವರು ತಿರುಗಿ ನೋಡಲಿಲ್ಲ.

ಸಂಜೆ ವಿಷಯ ತಿಳಿದು ಅಬ್ಬಾ ನನಗೆ ಹೊಡೆಯಲು ಕೈಯೆತ್ತಿದರು. ಗುರುಲಿಂಗಪ್ಪನವರು ತಡೆದರು. “ಹೊಡೀಬೇಡಿ ಸಾಹೇಬ್ರೇ. ತಮ್ಮನ್ನ ಉಳಿಸ್ಕೊಳ್ಳೋಕೆ ಓಡಿದ ಮಗು ಅದು.” ಆಮೇಲೆ ಜಗಲಿಯಲ್ಲಿ ಕೂತು ಅಬ್ಬಾನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ, ಅಮ್ಮಿಯ ಸೀರೆ ಹಿಡಿದುಕೊಂಡು ಕೇಳಿದೆ. ಎಂಟನೇ ವಯಸ್ಸಿಗೆ ಕಂಪನಿ ಸೇರಿದ್ದರಂತೆ. ಮೀಸೆ ಮೂಡುವವರೆಗೂ ಹೆಣ್ಣು ಪಾತ್ರವೇ; ಯಾವ ಹೆಂಗಸಿನ ದನಿಯನ್ನಾದರೂ ಕೇಳಿ ಹಾಗೇ ಆಡುವುದನ್ನು ಆಗಲೇ ಕಲಿತದ್ದಂತೆ. ಸೀರೆಯುಟ್ಟು ಅವರು ಜೋಗುಳ ಹಾಡಿದರೆ ಹೆಂಗಸರು ರಂಗದ ಹತ್ತಿರ ಬಂದು ಅರಿಶಿನ ಕುಂಕುಮ ಕೊಡುತ್ತಿದ್ದರಂತೆ.

“ಹದಿನಾರಕ್ಕೆ ದನಿ ಒಡೀತು. ಒಂದು ವಾರ ಅತ್ತಿದ್ದೆ. ಯಜಮಾನ್ರು ಬಂದು, ಈ ದನಿಗೆ ರಾಕ್ಷಸನ ಪಾರ್ಟೇ ಸರಿ ಅಂದ್ರು. ಅಲ್ಲಿಂದ ನಾಟಕದಲ್ಲೂ ಸಿನಿಮಾದಲ್ಲೂ ಕೊಂದಿದ್ದೇ ಕೊಂದಿದ್ದು.” ಆಮೇಲೆ ಹೇಳಿದರು: “ಶಾಲೇಲಿ ನನ್ನ ಮಗಳ ಪಕ್ಕ ಯಾರೂ ಕೂರ್ತಿರ್ಲಿಲ್ಲ ಸಾಹೇಬ್ರೇ.”

ಮಾರನೆಯ ದಿನ ಆಕ್ಸಲ್ ಬಂತು. ಹೊರಡುವಾಗ ಅವರು ಅಂಗಳದ ತುದಿಯಲ್ಲೇ ನಿಂತು, “ಹೋಗ್ಬರ್ತೀನಿ ತಾಯಿ,” ಎಂದು ನಾನು ನಿಂತಿದ್ದ ಬಾಗಿಲಿನ ಕಡೆ ಮೆಲ್ಲಗೆ ಹೇಳಿದರು. ಅಮ್ಮಿ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಹೋಗಲಿಲ್ಲ. ಅವರು ಒಳ್ಳೆಯವರು ಅನ್ನುವುದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು, ಆದರೂ ಹೆದರಿಕೆ ಹೋಗಿರಲಿಲ್ಲ.

ಕಳಸದ ಆಟ ಅಷ್ಟೇನೂ ಗೆಲ್ಲಲಿಲ್ಲವಂತೆ. ಕೆಲವು ವರ್ಷಗಳಲ್ಲಿ ಕಂಪನಿಯೂ ಮುಚ್ಚಿತು. ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದಾಗ ನಾನು ಚಿಕ್ಕಮಗಳೂರಿನಲ್ಲಿ ಶಾಲೆಯ ಟೀಚರಾಗಿದ್ದೆ. ಈಚೆಗೆ ಪರಿಚಯದವರೊಬ್ಬರಿಂದ ಅವರ ಮಗಳ ನಂಬರು ಸಿಕ್ಕಿ ಫೋನ್ ಮಾಡಿದೆ. ಕೆರೆಯ ಕತೆಯನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಆಕೆ ಅಂದರು:

“ಅಪ್ಪ ಮನೇಲಿ ಯಾವತ್ತೂ ದನಿ ಎತ್ತಿದ್ದೇ ಇಲ್ಲ. ನಾವು ಹೆದರ್ತೀವಿ ಅಂತ ಪಿಸುಮಾತಲ್ಲೇ ಮಾತಾಡೋರು. ಆ ಹೆಣ್ಣಿನ ದನಿ ನಾನು ಕೇಳೇ ಇಲ್ಲ. ಹೇಗಿತ್ತು ಅದು?”

ಅವರ ನಗುವನ್ನು ಜನ ಇವತ್ತಿಗೂ ಮೊಬೈಲಿನಲ್ಲಿ ಹಾಕಿಕೊಂಡು ಕೇಳುತ್ತಾರೆ. ಈ ದನಿ ಯಾವ ಸಿನಿಮಾದಲ್ಲೂ ಇಲ್ಲ. ಅದು ನನ್ನ ಅಮ್ಮಿಯ ದನಿಯಾಗಿತ್ತು ಅಂದೆ. ಅಮ್ಮಿ ಹೋಗಿ ಆರು ವರ್ಷವಾಯಿತು. ಅವಳ ದನಿಯನ್ನೂ ನಾವ್ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ.