ಬುಡವಿಲ್ಲದ ಗಡಿಗೆಗಳು

ನಿಜಾಮರ ರಾಜ್ಯ ಆಗಷ್ಟೇ ಮುಗಿದಿತ್ತು. ರಜಾಕಾರರ ಗದ್ದಲಕ್ಕೆ ಹೆದರಿ ಊರು ಬಿಟ್ಟವರು ಒಬ್ಬೊಬ್ಬರಾಗಿ ಮರಳಿ ಬಂದು, ಮದುವೆಗೆ ಬಾಜಾ ಬಾರಿಸುವ ಧೈರ್ಯವನ್ನು ಮತ್ತೆ ಮಾಡುತ್ತಿದ್ದ ಕಾಲ. ಆ ಕಾಲದ ಮಕ್ಕಳಲ್ಲಿ ಮಣ್ಣು ತಿಂದು ಏಟು ತಿನ್ನದವರು ಯಾರಿದ್ದಾರೆ ಹೇಳಿ? ನನ್ನದು ಮಾತ್ರ ಉಲ್ಟಾ. ಮಣ್ಣು ಬಾಯಿಗೆ ಹಾಕಿಕೊಳ್ಳದಿದ್ದರೆ ನನಗೆ ಬೈಗುಳ. ಕುಂಬಾರರ ಮನೆಯ ಮಗಳು ನೋಡಿ.

ಶಹಾಬಾದಿಗೂ ಚಿತ್ತಾಪುರಕ್ಕೂ ನಡುವೆ, ಕಾಗಿಣಾ ಹೊಳೆಯ ದಂಡೆಯ ಸಣ್ಣ ಊರು ನಮ್ಮದು. ಅಪ್ಪ ಹೊಸ ಮಣ್ಣು ತಂದಾಗಲೆಲ್ಲ ಒಂದು ಚಿಟಿಕೆ ಮೊದಲು ತನ್ನ ನಾಲಿಗೆಗೆ, ಆಮೇಲೆ ನನ್ನ ನಾಲಿಗೆಗೆ ಇಡುತ್ತಿದ್ದ.

"ಏನ್ ಹತ್ತಲಿಕತ್ತದ, ನೀಲಿ?"

"ಉಸುಕು."

"ಉಸುಕು ಹಲ್ಲಿಗೆ ಸಿಗತದ, ಯಾರಿಗರೆ ತಿಳೀತದ. ಸುಣ್ಣದ ಹಳ್ಳು ಹಂಗಲ್ಲ. ಅದು ನಾಲಿಗಿಗೇ ಸಿಗಬೇಕು."

ನನಗೆ ಅದು ಎಂದೂ ಸಿಗಲಿಲ್ಲ. ಫರಸಿಕಲ್ಲಿನ ಸೀಮೆ ನಮ್ಮದು, ಎಲ್ಲಿ ಅಗೆದರೂ ಕೆಳಗೆ ಸುಣ್ಣಕಲ್ಲು. ಅದರ ಕಾಳಿನಷ್ಟು ಚೂರು ಮಣ್ಣಲ್ಲಿ ಉಳಿದರೂ ಗಡಿಗೆ ಹಾಳು ಎಂದು ಅಪ್ಪ ಹೇಳುತ್ತಿದ್ದ. ಹೇಗೆ ಹಾಳು ಎಂದು ನಾನು ಕೇಳಲಿಲ್ಲ, ಅವನ ನಾಲಿಗೆ ಇರುವಾಗ ನನಗೇಕೆ ಆ ಚಿಂತೆ?

ಆ ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ತಿಗರಿ ತಿರುಗಿಸಿ ಸಾಲು ಗಡಿಗೆ ಎತ್ತಿದ. ತಿಗರಿಯಿಂದ ಇಳಿಯುವ ಗಡಿಗೆಗೆ ಬುಡ ಇರುವುದಿಲ್ಲ. ಕೊರಳು, ಭುಜ ಅಷ್ಟೇ. ಅರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಬುಡ ಮುಚ್ಚಬೇಕು. ಸಂಜೆ ತಟ್ಟೋಣ ಎಂದು ಅಪ್ಪ ರೊಟ್ಟಿ, ಪುಂಡಿಪಲ್ಯ ಉಂಡು ಎದ್ದ. ಎದ್ದವನು ಹೊಸ್ತಿಲಲ್ಲೇ ಕುಸಿದ. ಲಕ್ವಾ. ಬಲಗೈ, ಬಲಗಾಲು ಹೋದವು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆ ಗದ್ದಲದಲ್ಲಿ ಗಡಿಗೆಗಳ ನೆನಪು ಯಾರಿಗಿತ್ತು? ನೋಡಿದಾಗ ಬುಡವಿಲ್ಲದೆಯೇ ಕಟಕಟ ಒಣಗಿದ್ದವು. ಬೇರೆಯವರಾಗಿದ್ದರೆ ಒಡೆದು ಮತ್ತೆ ಮಣ್ಣಿಗೇ ಸೇರಿಸುತ್ತಿದ್ದರು. ಅವ್ವ ಅವನ್ನು ಒಂದೊಂದಾಗಿ ಎತ್ತಿ ಅಟ್ಟದ ಮೇಲಿಟ್ಟಳು.

ಬೇಸಿಗೆ ಹತ್ತಿರವಾದಾಗ ಗೌಡತಿ ನಮ್ಮ ಅಂಗಳಕ್ಕೆ ಬಂದಳು. ಮಗಳ ಲಗ್ನ ಗೊತ್ತಾಗಿತ್ತು. ನಮ್ಮ ಕಡೆ ಮದುವೆಗೆ ಐರಾಣಿ ಬೇಕೇ ಬೇಕು. ಸುಣ್ಣ ಬಳಿದು, ಕೆಂಪು ಹಸಿರು ಗೆರೆ ಬರೆದ ಆ ಗಡಿಗೆಗಳನ್ನು ಮುತ್ತೈದೆಯರು ಬಾಜಾ ಸಮೇತ ಕುಂಬಾರರ ಮನೆಗೇ ಬಂದು ಪೂಜೆ ಮಾಡಿ ಒಯ್ಯುತ್ತಾರೆ. ಐರಾಣಿ ಯಾವ ಮನೆಯಿಂದ ಹೋಗುತ್ತದೋ ಊರಿನ ಆಯವೂ ಆ ಮನೆಗೇ. ಆಯ ಎಂದರೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ನಮಗೆ ಬರುವ ಜೋಳ, ನಮ್ಮ ವರ್ಷದ ರೊಟ್ಟಿ.

"ನಿನ್ನ ಗಂಡಗ ಹಿಂಗಾಗ್ಯದ," ಎಂದಳು ಗೌಡತಿ, ಕಣ್ಣು ನೆಲಕ್ಕಿಟ್ಟು. "ಚಿತ್ತಾಪುರದ ಕುಂಬಾರಗ ಹೇಳಿ ಕಳಸ್ಲೇನು?"

"ಬ್ಯಾಡ್ರಿ ಅವ್ವಾರ. ಐರಾಣಿ ನಮ್ಮ ಮನಿಯಿಂದನೇ ಬರ್ತಾವ," ಎಂದುಬಿಟ್ಟಳು ಅವ್ವ.

ಹೇಳಿದ್ದೇನೋ ಸರಿ, ಮಾಡುವವರು ಯಾರು? ತಿಗರಿಯನ್ನು ಹೆಂಗಸರು ಮುಟ್ಟುವಂತಿಲ್ಲ. ನನಗೆ ಅಣ್ಣ ತಮ್ಮಂದಿರಿಲ್ಲ. ಹಾಗಾಗಿ ನಾನು, ಅವ್ವ ಬರಿಗೈಯಲ್ಲೇ ಶುರು ಮಾಡಿದೆವು. ಹಳೆಯ ಗಡಿಗೆಯನ್ನು ಬೋರಲು ಹಾಕಿ, ಬೂದಿ ಸವರಿ, ಅದರ ಮೇಲೆ ಮಣ್ಣಿನ ರೊಟ್ಟಿ ಹಾಸಿ ತಟ್ಟುವುದು. ಹತ್ತು ವರ್ಷದ ನನಗೆ ಮೊದಲು ಅದು ಆಟವೇ. ಬರೀ ಮಣ್ಣಿನಲ್ಲಿ ಮಾಡಿದ್ದು ಬಿಸಿಗಾಳಿಗೆ ಕೊರಳಲ್ಲಿ ಬಿರಿಯಿತು. ಕತ್ತೆ ಲದ್ದಿ ಕಲಸಿದೆವು. ಹೆಚ್ಚಾಯಿತೇನೋ, ಸುಟ್ಟ ಮೇಲೆ ಜರಡಿಯಾಯಿತು. ಬೂದಿ ಬೆರೆಸಿದರೆ ಕೈಯಲ್ಲೇ ಉದುರಿತು. ಅಪ್ಪ ಹೊರಸಿನ ಮೇಲಿಂದ ತೊದಲುತ್ತ ಗದರುತ್ತಿದ್ದ, "ಹೊಳಿ ಉಸುಕು ಹಾಕ್ರೇ, ಸಣ್ಣನ್ನ ಉಸುಕು!" ಕಡೆಗೆ ಹದ ಸಿಕ್ಕಿತು. ಒಲೆಯ ಕೆಂಡದಲ್ಲಿ ಸುಟ್ಟ ಪುಟ್ಟ ಮಗಿ ಬೆರಳಿಂದ ತಟ್ಟಿದರೆ ಠಣ್ ಎಂದಿತು. ನಾನು ಅಂಗಳದ ತುಂಬ ಕುಣಿದೆ.

ಆದರೆ ಹದ ಹುಡುಕುವುದರಲ್ಲೇ ಮನೆಯ ಹಿಂದಿನ ಒಳ್ಳೆಯ ಮಣ್ಣಿನ ಗುಡ್ಡೆ ಮುಗಿದುಹೋಗಿತ್ತು. ಬುಟ್ಟಿ ಹೊತ್ತು, ಅಪ್ಪ ಮಣ್ಣು ಅಗೆಯುತ್ತಿದ್ದ ಕೆರೆಯ ಗುಂಡಿಗೆ ಹೋದರೆ ಗುಂಡಿಯೇ ಇಲ್ಲ! ಯಾವನೋ ಹೊಸ ಕಲ್ಲಿನ ಖಣಿಯವನು ಒಡೆದ ಫರಸಿಯ ಚೂರನ್ನೆಲ್ಲ ತಂದು ಅದರ ಮೇಲೆ ಸುರಿದಿದ್ದ. ಅವ್ವ ಆ ಕಲ್ಲಿನ ರಾಶಿಗೆ ಒಂದು ಸುತ್ತು ಹಾಕಿ ನೋಡಿದಳು. ಕೊನೆಗೆ ಪಕ್ಕದಲ್ಲೇ ಅಗೆದು ತಂದೆವು. ಜರಡಿ ಹಿಡಿದೆವು. ನನ್ನ ಹಲ್ಲಿಗೆ ಏನೂ ಸಿಗಲಿಲ್ಲ. ಅವ್ವ ಒಂದು ಚಿಟಿಕೆ ಅಪ್ಪನ ನಾಲಿಗೆಗಿಟ್ಟಳು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಚಪ್ಪರಿಸಿದ.

"ಛಲೋ ಅದ," ಎಂದ.

ಐರಾಣಿ ತಟ್ಟಿದೆವು, ಒಣಗಿಸಿದೆವು, ಆವಿಗೆಯಲ್ಲಿಟ್ಟು ಸುಟ್ಟೆವು. ಬೂದಿ ಸರಿಸಿದಾಗ ಕೆಂಪಗೆ ಹೊಳೆಯುತ್ತ ಕೂತಿದ್ದವು. ಸುಣ್ಣ ಬಳಿದು ಗೆರೆ ಬರೆದೆವು. ಅಪ್ಪ ಎಡಗೈಯಿಂದ ಒಂದೊಂದನ್ನೂ ಸವರಿ ಅತ್ತ. ನಾವೂ ಅತ್ತೆವು, ಖುಷಿಗೆ.

ಎರಡು ದಿನ ಬಿಟ್ಟು ನಾನು ಅಂಗಳ ಗುಡಿಸುವಾಗ ಒಳಗೆ ಟಪ್ ಎಂದಿತು. ಹೋಗಿ ನೋಡಿದರೆ ಒಂದು ಗಡಿಗೆಯ ಹೊಟ್ಟೆಯಿಂದ ಕಾಸಿನಗಲ ಚಕ್ಕೆ ಹಾರಿ ಬಿದ್ದಿದೆ. ಗುಳಿಯ ನಡುವೆ ಬಿಳಿ ಚುಕ್ಕೆ. ನೋಡುತ್ತಿದ್ದ ಹಾಗೆಯೇ ಪಕ್ಕದ್ದು ಟಪ್. ಸಂಜೆಯೊಳಗೆ ಎಲ್ಲಕ್ಕೂ ಸಿಡುಬು ಬಂದಂತಾಗಿತ್ತು. ಒಂದಂತೂ ಎರಡು ಹೋಳಾಯಿತು. ಸುಟ್ಟ ಸುಣ್ಣದ ಹಳ್ಳು ಗಾಳಿಯ ತಂಪು ಕುಡಿದು ಅರಳುತ್ತದೆ, ಅರಳಿ ಗಡಿಗೆಯನ್ನು ಸೀಳುತ್ತದೆ. ಹೇಗೆ ಹಾಳು ಎಂದು ನಾನು ಕೇಳದೆ ಬಿಟ್ಟಿದ್ದಕ್ಕೆ ಉತ್ತರ ಹೀಗೆ ಸಿಕ್ಕಿತು. ಲಗ್ನದ ಮನೆಯಲ್ಲಿ ಐರಾಣಿ ಒಡೆಯುವುದೆಂದರೆ! ಅಯ್ಯೋ ಶಿವನೇ, ಆ ಅಪಶಕುನ ಹೊತ್ತು ನಾವು ಊರಲ್ಲಿ ಬಾಳಬಹುದಿತ್ತೇ?

ಅಪ್ಪ ಆ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತ.

"ನಾಲಿಗಿ ಅರ್ಧಾ ಸತ್ತದ," ಎಂದ. "ಹೇಳಬೇಕಾಗಿತ್ತು ನಾ. ಹೇಳಲಿಕ್ಕಿ ಆಗಲಿಲ್ಲ. ಕೈ ಅಂತೂ ಹೋಯ್ತು, ನಾಲಿಗಿಯರೆ ಉಳದದ ಅಂದ್ಕೊಂಡಿದ್ದೆ."

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಐರಾಣಿ ಒಯ್ಯಲು ಬರುವುದಕ್ಕೆ ಇನ್ನೊಂದು ವಾರವಿತ್ತು. ಮಣ್ಣಿರಲಿಲ್ಲ. ಸುತ್ತಲಿನ ನೆಲವನ್ನೆಲ್ಲ ಇನ್ನು ನಂಬುವ ಹಾಗಿರಲಿಲ್ಲ, ನಂಬಬಹುದೆಂದು ಹೇಳುವ ನಾಲಿಗೆಯೂ ಮನೆಯಲ್ಲಿರಲಿಲ್ಲ. ಚಿತ್ತಾಪುರದವನ ಹೆಸರು ಯಾರೂ ಎತ್ತಲಿಲ್ಲ, ಆದರೆ ಮೂವರ ತಲೆಯಲ್ಲೂ ಅದೇ. ಆಗ ಅಪ್ಪ ಅಟ್ಟದ ಕಡೆ ಗೋಣೆತ್ತಿದ.

"ಅವನ್ನ ಇಳಸು. ನೆನಿ ಹಾಕು."

ಸುಟ್ಟ ಗಡಿಗೆ ಮತ್ತೆ ಮಣ್ಣಾಗದು. ಸುಡದ ಹಸಿ ಗಡಿಗೆ ನೀರಿಗೆ ಬಿದ್ದರೆ ಮತ್ತೆ ಮಣ್ಣು. ಅಟ್ಟದ ಮೇಲಿದ್ದದ್ದು ಹಳೆಯ ಗುಂಡಿಯ ಮಣ್ಣು, ಅಪ್ಪನ ನಾಲಿಗೆ ಚೆನ್ನಾಗಿದ್ದಾಗ ಆರಿಸಿದ್ದು.

"ನಾ ಕೊಡಂಗಿಲ್ರಿ," ಎಂದಳು ಅವ್ವ. ಗಂಡನ ಮಾತಿಗೆ ಅವಳು ಎದುರಾಡಿದ್ದನ್ನು ನಾನು ಮೊದಲು ಕೇಳಿದ್ದು ಅಂದೇ. "ಅವು ನಿಮ್ಮ ಕೈಯಾಗಿನವು. ಇನ್ನ ಅಂಥವು ಎಲ್ಲಿಂದ ತರ್ಲಿ?"

"ಬುಡ ಇಲ್ಲದ ಗಡಿಗಿ ಇಟ್ಕೊಂಡು ಏನ್ ಮಾಡ್ತಿ? ನೀರ ನಿಲ್ತದೇನು?"

"ನೀರ ನಿಲ್ಲೂದು ಬ್ಯಾಡ. ನಾ ನೋಡಲಿಕ್ಕಿ ಇಟ್ಟೀನಿ."

"ನೋಡಿದ್ರ ಹೊಟ್ಟಿ ತುಂಬತದೇನು ಹುಚ್ಚಿ? ನೀಲೀ, ನೀ ಇಳಸವ್ವ."

ಅವ್ವ ಎದ್ದು ಹಿತ್ತಲಿಗೆ ಹೋದಳು. ನಾನು ಅಟ್ಟ ಹತ್ತಿ ಒಂದೊಂದಾಗಿ ಇಳಿಸಿದೆ. ಒಳಗೆ ಕೈ ಹಾಕಿದರೆ ಅಪ್ಪನ ಬೆರಳಿನ ಗೆರೆಗಳು, ಕೆಳಗಿನಿಂದ ಕೊರಳಿನವರೆಗೆ ಸುತ್ತಿ ಸುತ್ತಿ ಹತ್ತಿದ್ದವು. ನನ್ನ ಬೆರಳನ್ನು ಆ ಗೆರೆಯಲ್ಲಿಟ್ಟು ಒಂದು ಸುತ್ತು ತಿರುಗಿಸಿದೆ. ಆಮೇಲೆ ಬಾನಿಯ ನೀರಿಗೆ ಬಿಟ್ಟೆ. ಒಣಮಣ್ಣು ಗುಳುಗುಳು ಗುಳ್ಳೆ ಬಿಟ್ಟಿತು. ಮೊದಲ ಮಳೆಯ ವಾಸನೆ ಬಂತು. ಕೊರಳು ಮೊದಲು ಬಾಗಿತು, ಆಮೇಲೆ ಭುಜ ಕುಸಿಯಿತು. ಅಪ್ಪ ಹೊರಸಿನಿಂದ ನೋಡುತ್ತಲೇ ಇದ್ದ, ಮುಖ ತಿರುಗಿಸಲಿಲ್ಲ. ನಾನೇ ತಿರುಗಿಸಿಕೊಂಡೆ.

ಆ ಮಣ್ಣಿನಲ್ಲಿ ಐರಾಣಿ ತಟ್ಟಿದೆವು. ಕಲಸುವಾಗ ಅಪ್ಪ ಎಡಗೈ ಸೇರಿಸಿದ. ಸುಟ್ಟ ಮೇಲೆ ನಾವು ಮೂವರೂ ಕಿವಿಯಾಗಿ ಕಾದೆವು. ಬೀದಿಯಲ್ಲಿ ಮಗುವಿನ ಗಿಲಕಿ ಸದ್ದಾದರೂ ಅವ್ವ ಬೆಚ್ಚುತ್ತಿದ್ದಳು. ಒಂದೂ ಸಿಡಿಯಲಿಲ್ಲ.

ಮುತ್ತೈದೆಯರು ಬಾಜಾ ಸಮೇತ ಬಂದರು. ಅಂಗಳ ತುಂಬಿತು. ಗೌಡತಿ ಅರಿಷಿಣ ಕುಂಕುಮ ಹಚ್ಚುತ್ತ ಗಡಿಗೆಯನ್ನು ತಿರುಗಿಸಿ ನೋಡಿದಳು.

"ಭಾಳ ಛಂದ ಆಗ್ಯಾವ. ಯಾರ ಕೈಯಾಗಿನವು ಇವು?"

"ಅವರ ಕೈಯಾಗಿನವೇ ರೀ," ಎಂದಳು ಅವ್ವ.

ಆಯ ಉಳಿಯಿತು. ಅಪ್ಪ ಉಳಿಯಲಿಲ್ಲ, ಆ ಮಳೆಗಾಲದಲ್ಲೇ ಹೋದ. ನಂತರ ಕೆಲವು ವರ್ಷ ಅವ್ವನೂ ನಾನೂ ತಟ್ಟಿಯೇ ಊರಿಗೆ ಗಡಿಗೆ ಕೊಟ್ಟೆವು. ಆಮೇಲೆ ಅಲ್ಯುಮಿನಿಯಂ ಬಂತು, ಸ್ಟೀಲ್ ಬಂತು. ಈಗ ಐರಾಣಿ ಪೇಟೆಯ ಅಂಗಡಿಯಲ್ಲಿ ಸಿಗುತ್ತದೆ, ಅದರೊಳಗೆ ಯಾರ ಬೆರಳೂ ಇಲ್ಲ. ನಮ್ಮ ಗುಂಡಿ ಇದ್ದಲ್ಲಿ ಕಲ್ಲಿನ ಗುಡ್ಡವಿದೆ. ಅಪ್ಪನ ಕೈಯಿಂದ ಹುಟ್ಟಿದ್ದು ಒಂದು ಹಣತೆಯೂ ನನ್ನ ಬಳಿ ಇಲ್ಲ. ಒಂದೇ ಒಂದು ಗಡಿಗೆಯನ್ನಾದರೂ ಅಂದು ಬಚ್ಚಿಡಬೇಕಿತ್ತು ಎಂದು ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ. ಆದರೆ ಒಂದನ್ನು ಬಚ್ಚಿಟ್ಟಿದ್ದರೆ ಮಣ್ಣು ಸಾಲುತ್ತಿರಲಿಲ್ಲ.